ಓದುಗರ ಪ್ರಶ್ನೆ, ನಮ್ಮ ಉತ್ತರ: ಮಂಡಲ ಪಂಚಾಯಿತಿಗಳ ಐದು ವರ್ಷ

ಮಲೆನಾಡಿನ ಹಳೆಯ ಗ್ರಾಮಾಡಳಿತ ಘಟಕಗಳನ್ನು ಕುರಿತು ಬಂದ ಕೆಲವು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಮೊದಲ ಪತ್ರದ ವಿಷಯ ವಿಸ್ತಾರವಾದದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಹಳೆಯ ಕಾಗದಪತ್ರಗಳಲ್ಲಿ 1988ರ ಮನೆ ಕಂದಾಯದ ರಸೀದಿಯೊಂದಿದೆ. ಅದರ ಮೇಲೆ ಒಂದು ಮಂಡಲ ಪಂಚಾಯಿತಿಯ ಮೊಹರು ಇದೆ. ಆ ಮಂಡಲದ ಕಚೇರಿ ಇದ್ದ ಊರು ಈಗ ಬೇರೆಯೇ ಗ್ರಾಮ ಪಂಚಾಯಿತಿಯ ಕೇಂದ್ರ, ನಮ್ಮ ಊರು ಮತ್ತೊಂದು ಪಂಚಾಯಿತಿಗೆ ಸೇರಿದೆ. ಮಂಡಲವೆಂದರೆ ಹೋಬಳಿಯೇ? ಅದು ಯಾವಾಗ ಹುಟ್ಟಿತು, ಏಕೆ ಹೋಯಿತು?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಮಂಡಲವೂ ಹೋಬಳಿಯೂ ಒಂದೇ ಅಲ್ಲ. ಹೋಬಳಿಯು ಕಂದಾಯ ಇಲಾಖೆಯ ವಿಭಾಗ. ಅದಕ್ಕೆ ಕಂದಾಯ ನಿರೀಕ್ಷಕರು ಇರುತ್ತಾರೆಯೇ ಹೊರತು ಮತ ಹಾಕಿ ಆರಿಸಿದ ಸದಸ್ಯರು ಎಂದೂ ಇರಲಿಲ್ಲ. ಮಂಡಲ ಪಂಚಾಯಿತಿಯಾದರೋ ಹಲವು ಹಳ್ಳಿಗಳಿಗೆ ಕೂಡಿ ಇದ್ದ ಚುನಾಯಿತ ಸಂಸ್ಥೆಯಾಗಿತ್ತು. ಆಂಧ್ರ ಮತ್ತು ತೆಲಂಗಾಣದಲ್ಲಿ ಈಗಲೂ ಮಂಡಲಗಳಿವೆ, ಆದರೆ ಅವು ಸಣ್ಣ ತಾಲ್ಲೂಕಿನಂಥ ಕಂದಾಯ ಘಟಕಗಳು. ನಮ್ಮ ಮಂಡಲಕ್ಕೂ ಅವಕ್ಕೂ ಹೆಸರಿನ ಸಾಮ್ಯ ಬಿಟ್ಟರೆ ಬೇರೆ ಸಂಬಂಧವಿಲ್ಲ. ಶಿವಮೊಗ್ಗದಲ್ಲಿ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯನ್ನು ಇದರೊಡನೆ ಬೆರೆಸಿ ಕೇಳುವವರೂ ಇದ್ದಾರೆ. ಅದು ಪ್ರತ್ಯೇಕ ಕಾನೂನಿನಡಿ ಬಂದ ಬೇರೆಯೇ ಸಂಸ್ಥೆ.

ಮಂಡಲದ ಕಲ್ಪನೆಗೆ ರಾಷ್ಟ್ರಮಟ್ಟದ ಹಿನ್ನೆಲೆಯಿದೆ. 1978ರಲ್ಲಿ ವರದಿ ಸಲ್ಲಿಸಿದ ಅಶೋಕ್ ಮೆಹ್ತಾ ಸಮಿತಿಯು, ಒಂದೊಂದು ಹಳ್ಳಿಗೆ ಒಂದೊಂದು ಪಂಚಾಯಿತಿ ಇದ್ದರೆ ಅದಕ್ಕೆ ಹಣವೂ ಸಾಲದು, ಸಿಬ್ಬಂದಿಯೂ ಸಾಲದು ಎಂದು ಕಂಡುಕೊಂಡು, 15ರಿಂದ 20 ಸಾವಿರ ಜನಸಂಖ್ಯೆಯ ಮಂಡಲಗಳನ್ನು ರಚಿಸಬೇಕೆಂದು ಸೂಚಿಸಿತು. ಕೇಂದ್ರದಲ್ಲಿ ಸರ್ಕಾರ ಬದಲಾದದ್ದರಿಂದ ಆ ವರದಿ ದೇಶಮಟ್ಟದಲ್ಲಿ ಹೆಚ್ಚು ಮುಂದೆ ಹೋಗಲಿಲ್ಲ. ಕರ್ನಾಟಕದಲ್ಲಿ 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರ ಮಾತ್ರ ಅದನ್ನು ಕೈಗೆತ್ತಿಕೊಂಡಿತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಇದರ ಹಿಂದಿನ ಶಕ್ತಿಯಾಗಿದ್ದರು; ಬರಪೀಡಿತ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎಂದು ಹೆಸರಾದವರೂ ಅವರೇ. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಮತ್ತು ನ್ಯಾಯ ಪಂಚಾಯಿತಿಗಳ ಅಧಿನಿಯಮವು 1983ರ ಇಸವಿಯ ಹೆಸರಿನಲ್ಲಿಯೇ ಇದ್ದರೂ ರಾಷ್ಟ್ರಪತಿಗಳ ಅಂಕಿತ ದೊರೆತು ಜಾರಿಗೆ ಬಂದದ್ದು 1985ರಲ್ಲಿ. ಮೊದಲ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆದುದರಿಂದ ತಮ್ಮ ಬಳಿಯಿರುವ ರಸೀದಿಯು ಮಂಡಲದ ಆರಂಭದ ದಿನಗಳಿಗೆ ಸೇರಿದ್ದು.

ಕಾನೂನಿನ ಪ್ರಕಾರ ಒಂದು ಮಂಡಲದಲ್ಲಿ 8ರಿಂದ 12 ಸಾವಿರ ಜನರಿರಬೇಕಿತ್ತು. ಮಲೆನಾಡಿಗೆ ಮಾತ್ರ ವಿನಾಯಿತಿ ಕೊಟ್ಟು, 4 ಸಾವಿರ ಜನರಿದ್ದರೂ ಮಂಡಲ ರಚಿಸಬಹುದೆಂದು ಹೇಳಲಾಯಿತು. ಈ ವಿನಾಯಿತಿಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ತಮ್ಮ ಊರು ಆಗ ಒಂದು ಕಡೆ, ಈಗ ಒಂದು ಕಡೆ ಇರುವುದಕ್ಕೆ ಮೂಲ ಕಾರಣ ಇಲ್ಲಿದೆ. ಬಯಲುಸೀಮೆಯಲ್ಲಿ 4 ಸಾವಿರ ಜನವೆಂದರೆ ಒತ್ತೊತ್ತಾಗಿ ಮನೆಗಳಿರುವ ಎರಡು ಮೂರು ಊರುಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಗಳಲ್ಲಿ ಅಷ್ಟು ಜನರನ್ನು ಕೂಡಿಸಬೇಕಾದರೆ ಹತ್ತಾರು ಕಂದಾಯ ಗ್ರಾಮಗಳನ್ನು ಒಟ್ಟು ಮಾಡಬೇಕಾಗುತ್ತಿತ್ತು. ಅಲ್ಲಿ ಗ್ರಾಮವೆಂದರೆ ತೋಟದ ಅಂಚಿಗೊಂದು, ಗದ್ದೆಯ ಕೋಗಿನ ಆಚೆಗೊಂದು ಎಂಬಂತೆ ಚದುರಿದ ಒಂಟಿಮನೆಗಳು, ನಡುವೆ ಕಾನು, ಬೆಟ್ಟ ಮತ್ತು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ, ನಕ್ಷೆಯಲ್ಲಿ ಎರಡು ಮೈಲಿ ಎಂದು ಕಾಣುವ ಕಚೇರಿಗೆ ಬಳಸುದಾರಿಯಲ್ಲಿ ನಡೆದು ಅರ್ಧ ದಿನ ಕಳೆಯಬೇಕಾಗುತ್ತಿತ್ತು. ತಲೆ ಎಣಿಸಿ ಗಡಿ ಎಳೆಯುವ ಕ್ರಮವು ಮಲೆನಾಡಿಗೆ ಎಂದೂ ಸರಿಯಾಗಿ ಒಗ್ಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಂಡಲದ ಕಾನೂನು ಈ ಸೀಮೆಗಾಗಿ ಸಂಖ್ಯೆಯನ್ನು ಒಂದಿಷ್ಟು ಇಳಿಸಿ ಕೈತೊಳೆದುಕೊಂಡಿತೇ ಹೊರತು ದೂರವನ್ನೇ ಅಳತೆಯನ್ನಾಗಿ ಇಟ್ಟುಕೊಳ್ಳಲಿಲ್ಲ.

ಹಾಗೆಂದು ಮಂಡಲವನ್ನು ಹಗುರವಾಗಿ ಕಾಣುವಂತಿಲ್ಲ. ಪ್ರತಿ ಕೆಲವು ನೂರು ಜನರಿಗೆ ಒಬ್ಬ ಸದಸ್ಯರು. ಸದಸ್ಯರು ತಮ್ಮೊಳಗಿನಿಂದ ಪ್ರಧಾನರನ್ನೂ ಉಪಪ್ರಧಾನರನ್ನೂ ಆರಿಸುತ್ತಿದ್ದರು. ಅದಕ್ಕೆ ಹಿಂದಿನ ವಿಲೇಜ್ ಪಂಚಾಯಿತಿಯ ಮುಖ್ಯಸ್ಥರನ್ನು ಜನ ‘ಚೇರ್ಮನ್ನರು’ ಎನ್ನುತ್ತಿದ್ದರು. ಮಂಡಲದ ಕಾಲದಲ್ಲಿ ಪ್ರಧಾನರಾಗಿದ್ದವರನ್ನು ಇಂದಿಗೂ ‘ಪ್ರಧಾನ್ರು’ ಎಂದೇ ಕರೆಯುವ ರೂಢಿ ಹಲವು ಊರುಗಳಲ್ಲಿ ಉಳಿದಿದೆ. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಸಂವಿಧಾನದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರನೇ ಒಂದು ಭಾಗವನ್ನು ಕಡ್ಡಾಯ ಮಾಡುವುದಕ್ಕೆ ಆರು ವರ್ಷ ಮೊದಲೇ ಅದು ಇಲ್ಲಿ ಆಚರಣೆಗೆ ಬಂದಿತ್ತು. ಲೋಕಸಭೆ, ವಿಧಾನಸಭೆಗಳ ಮತದಾನದ ವಯಸ್ಸು ಇನ್ನೂ 21 ಇದ್ದಾಗ ಈ ಚುನಾವಣೆಯಲ್ಲಿ 18 ತುಂಬಿದವರಿಗೆ ಮತ ಹಾಕುವ ಅವಕಾಶ ದೊರೆಯಿತು. ಈಗಿನ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದು, ಆಗಿನದು ಪಕ್ಷದ ಚಿಹ್ನೆಗಳ ಮೇಲೆಯೇ ನಡೆದದ್ದು.

ಮಲೆನಾಡಿನ ಮಟ್ಟಿಗೆ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅದಾಗಿ ಹದಿಮೂರು ವರ್ಷಗಳ ಮೇಲೆ ಮಂಡಲದ ಚುನಾವಣೆ ಬಂತು. ಗೇಣಿ ಅಳೆಯುತ್ತಿದ್ದ ಮನೆತನದವರು, ಗೇಣಿ ಪಡೆಯುತ್ತಿದ್ದ ಮನೆತನದವರ ಎದುರಿಗೆ ಸರಿಸಮನಾಗಿ ಕುರ್ಚಿ ಎಳೆದು ಕುಳಿತು ರಸ್ತೆಯ ಅನುದಾನದ ಬಗ್ಗೆ ವಾದಿಸುವುದಕ್ಕೆ ಈ ಎರಡು ಕಾನೂನುಗಳೂ ಕೂಡಿಯೇ ದಾರಿ ಮಾಡಿದವು. ಎಲ್ಲ ಮಂಡಲಗಳಲ್ಲಿಯೂ ಹಾಗೆ ಆಯಿತೆಂದು ನಾವು ಹೇಳುತ್ತಿಲ್ಲ. ಹಳೆಯ ಜಗುಲಿಯ ಯಜಮಾನಿಕೆಯೇ ಪ್ರಧಾನರ ಕುರ್ಚಿಗೆ ಬಂದು ಕುಳಿತ ಮಂಡಲಗಳೂ ಇದ್ದವು.

ಮಂಡಲದ ಮೇಲಿನ ಜಿಲ್ಲಾ ಪರಿಷತ್ತು ನಿಜಕ್ಕೂ ಬಲವಾಗಿತ್ತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಪಶುವೈದ್ಯ, ಕೃಷಿ ಮೊದಲಾದ ಇಲಾಖೆಗಳ ಜಿಲ್ಲಾಮಟ್ಟದ ಕೆಲಸ ಅದರ ಕೈಗೆ ಬಂತು, ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು, ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿಯಾಗಿ ಅವರ ಕೈಕೆಳಗೆ ಕೆಲಸ ಮಾಡಿದರು. ಈ ವ್ಯವಸ್ಥೆಯ ಮೌಲ್ಯಮಾಪನಕ್ಕೆಂದು ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು 1989ರಲ್ಲಿ ಕೊಟ್ಟ ವರದಿಯಲ್ಲಿ, ಶಾಲೆ ಮತ್ತು ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಹಾಜರಾತಿ ಸುಧಾರಿಸಿದೆ ಎಂಬುದನ್ನು ಗುರುತಿಸಿತು. ಅದೇ ವರ್ಷ ಜವಾಹರ್ ರೋಜ್‌ಗಾರ್ ಯೋಜನೆ ಬಂದು, ಕೂಲಿ ಕಾಮಗಾರಿಯ ಹಣ ಮಂಡಲಗಳಿಗೆ ತಲುಪತೊಡಗಿತು. ತಮ್ಮ ಸೀಮೆಯಲ್ಲಿ ‘ಮಂಡಲದ ಕಾಲದ ಮೋರಿ’, ‘ಮಂಡಲದ ಕಾಲದ ರಸ್ತೆ’ ಎಂದು ಹಿರಿಯರು ತೋರಿಸುವುದರಲ್ಲಿ ಬಹಳಷ್ಟು ಈ ಹಣದಲ್ಲಿ ಆದವು. ಮಧ್ಯದ ಹಂತವಾದ ತಾಲ್ಲೂಕು ಪಂಚಾಯಿತಿ ಸಮಿತಿ ದುರ್ಬಲವಾಗಿತ್ತು: ಶಾಸಕರು ಅದರ ಅಧ್ಯಕ್ಷರು, ಮಂಡಲಗಳ ಪ್ರಧಾನರು ಪದನಿಮಿತ್ತ ಸದಸ್ಯರು, ಸಲಹೆ ಕೊಡುವುದರ ಆಚೆಗೆ ಅದಕ್ಕೆ ಹೆಚ್ಚಿನ ಕೆಲಸವಿರಲಿಲ್ಲ. ಊರಿನ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸಬೇಕಿದ್ದ ನ್ಯಾಯ ಪಂಚಾಯಿತಿಗಳು ಕಾನೂನಿನ ಹೆಸರಿನಲ್ಲಿಯೇ ಉಳಿದವು.

ಇನ್ನು ಇದು ಏಕೆ ಹೋಯಿತೆಂಬ ಪ್ರಶ್ನೆ. ನಜೀರ್ ಸಾಬ್ ಅವರು 1988ರಲ್ಲಿ ತೀರಿಕೊಂಡರು. 1989ರ ಕೊನೆಯಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಮಂಡಲಗಳ ಐದು ವರ್ಷದ ಅವಧಿ 1992ರ ಜನವರಿಯಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಸೊರಬದ ಎಸ್. ಬಂಗಾರಪ್ಪನವರು, ಎಂದರೆ ಶಿವಮೊಗ್ಗ ಜಿಲ್ಲೆಯವರೇ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರ ಪ್ರಭಾವ ಶಾಸಕರಿಗೆ ಇರುಸುಮುರುಸಾಗಿತ್ತೆಂಬುದು ಆ ಕಾಲದ ರಾಜಕೀಯವನ್ನು ಬಲ್ಲವರೆಲ್ಲ ಒಪ್ಪುವ ಮಾತು. ಅಷ್ಟರಲ್ಲಿ 73ನೆಯ ತಿದ್ದುಪಡಿ ಬಂತು. ಪಂಚಾಯಿತಿಯ ಎಲ್ಲ ಹಂತಗಳಿಗೂ ನೇರ ಚುನಾವಣೆ ನಡೆಯಬೇಕೆಂದು ಅದು ವಿಧಿಸಿದ್ದರಿಂದ ಪದನಿಮಿತ್ತ ಸದಸ್ಯರ ತಾಲ್ಲೂಕು ಸಮಿತಿ ಉಳಿಯುವಂತಿರಲಿಲ್ಲ. ಆದರೆ ಕೆಳಹಂತದ ಪಂಚಾಯಿತಿ ಎಷ್ಟು ದೊಡ್ಡದಿರಬೇಕೆಂಬುದನ್ನು ಸಂವಿಧಾನವು ರಾಜ್ಯಕ್ಕೆ ಬಿಟ್ಟಿತ್ತು. ‘ಸಂವಿಧಾನದ ತಿದ್ದುಪಡಿಯಿಂದ ಮಂಡಲಗಳು ರದ್ದಾದವು’ ಎಂದು ಭಾಷಣಗಳಲ್ಲಿ ಕೇಳಿಬರುವ ಮಾತು ಆದ್ದರಿಂದ ಅರ್ಧ ಮಾತ್ರ ಸರಿ. ಮಂಡಲವನ್ನು ಒಡೆದು ಚಿಕ್ಕದು ಮಾಡುವ ತೀರ್ಮಾನ ಬೆಂಗಳೂರಿನದೇ.

ವೀರಪ್ಪ ಮೊಯ್ಲಿ ಅವರ ಸರ್ಕಾರ ತಂದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು 1993ರ ಮೇ 10ರಂದು ಜಾರಿಗೆ ಬಂದಿತು. ಗ್ರಾಮ ಪಂಚಾಯಿತಿಗೆ 5ರಿಂದ 7 ಸಾವಿರ ಜನಸಂಖ್ಯೆ ಎಂದು ಗೊತ್ತುಮಾಡಿ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಉತ್ತರ ಕನ್ನಡ, ದಕ್ಷಿಣ ಕನ್ನಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದು ಬಿಟ್ಟುಕೊಟ್ಟಿತು. ಆಗ ಮಲೆನಾಡಿನ ಮಂಡಲಗಳು ಎರಡಾಗಿ, ಕೆಲವೆಡೆ ಮೂರಾಗಿ ಒಡೆದವು. 1993ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆಯಾಯಿತು. ತಮ್ಮ ಊರು ಹಳೆಯ ಮಂಡಲ ಕೇಂದ್ರದಿಂದ ಬೇರ್ಪಟ್ಟು ಈಗಿನ ಪಂಚಾಯಿತಿಗೆ ಬಂದದ್ದು ಈ ವಿಂಗಡಣೆಯಲ್ಲಿಯೇ ಇರಬೇಕು. ಕಚೇರಿ ಹತ್ತಿರವಾದದ್ದು ಮಲೆನಾಡಿಗೆ ಲಾಭವೇ. ಆದರೆ ಅಡಿಕೆ ತೋಟ, ಕಾಡು, ಕೆಲವೇ ಅಂಗಡಿ ಇರುವ ಪಂಚಾಯಿತಿಗೆ ಮನೆ ಕಂದಾಯದಿಂದ ಬರುವ ಆದಾಯ ಎಷ್ಟಾದೀತು? ಮಂಡಲ ಕೇಂದ್ರವಾಗಿದ್ದ ಪೇಟೆಯ ತೆರಿಗೆಯಲ್ಲಿ ಒಳಗಿನ ಊರುಗಳ ಸಂಕ, ರಸ್ತೆಗಳಿಗೂ ಒಂದಿಷ್ಟು ಪಾಲು ಸಿಗುತ್ತಿದ್ದುದು ನಿಂತುಹೋಯಿತು. ಒಳನಾಡಿನ ಪಂಚಾಯಿತಿಗಳು ಪೂರ್ತಿಯಾಗಿ ಅನುದಾನದ ದಾರಿ ಕಾಯುವಂತಾದದ್ದಕ್ಕೆ ಇದೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ.

ಪ್ರಶ್ನೆ: ನಮ್ಮೂರಿನ ಹಿರಿಯರು ಹಳೆಯ ರಸ್ತೆಯನ್ನು ‘ಬೋರ್ಡಿನ ರಸ್ತೆ’ ಎನ್ನುತ್ತಾರೆ. ಇದು ಯಾವ ಬೋರ್ಡು? ಮಂಡಲಕ್ಕಿಂತ ಮುಂಚೆ ಏನಿತ್ತು?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಎರಡು ಬೋರ್ಡುಗಳಿದ್ದವು, ರಸ್ತೆಯ ವಯಸ್ಸು ತಿಳಿಯದೆ ಯಾವುದೆಂದು ಹೇಳಲಾಗದು. ಮೈಸೂರು ಸಂಸ್ಥಾನದಲ್ಲಿ 1902ರ ಕಾನೂನಿನಿಂದ ಜಿಲ್ಲಾ ಮತ್ತು ತಾಲ್ಲೂಕು ಬೋರ್ಡುಗಳು ವ್ಯವಸ್ಥಿತ ರೂಪ ಪಡೆದವು. ಅವುಗಳಲ್ಲಿ ಸರ್ಕಾರ ನೇಮಿಸಿದವರದೇ ಹೆಚ್ಚಿನ ಪಾಲು. 1918ರ ಕಾನೂನು ಚುನಾಯಿತರ ಪ್ರಮಾಣವನ್ನು ಹೆಚ್ಚಿಸಿತು. 1926ರಲ್ಲಿ ತಾಲ್ಲೂಕು ಬೋರ್ಡುಗಳನ್ನು ಕೈಬಿಟ್ಟು ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯಿತಿ ಎಂಬ ಎರಡೇ ಹಂತಗಳನ್ನು ಉಳಿಸಿಕೊಳ್ಳಲಾಯಿತು. ರಸ್ತೆ, ಔಷಧಾಲಯ, ಪ್ರಯಾಣಿಕರ ಬಂಗಲೆ ಇವೆಲ್ಲ ಜಿಲ್ಲಾ ಬೋರ್ಡಿನ ಕೆಲಸಗಳು. ಮಲೇರಿಯಾದಿಂದ ಜನ ಕ್ಷೀಣಿಸುತ್ತಿದ್ದ ಮಲೆನಾಡಿಗೆಂದೇ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಪ್ರತ್ಯೇಕ ಸುಧಾರಣಾ ಯೋಜನೆಯೂ ಆರಂಭವಾಗಿತ್ತು.

ಎರಡನೆಯದು ತಾಲ್ಲೂಕು ಅಭಿವೃದ್ಧಿ ಮಂಡಳಿ, ಜನರ ಬಾಯಲ್ಲಿ ‘ಟಿ.ಡಿ.ಬಿ.’ ಅಥವಾ ಬರಿಯ ‘ತಾಲ್ಲೂಕ್ ಬೋರ್ಡ್’. ರಾಜ್ಯದ ಏಕೀಕರಣದ ನಂತರ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಯ ಬೇರೆ ಬೇರೆ ಪದ್ಧತಿಗಳನ್ನು ಒಂದುಗೂಡಿಸಲು 1959ರಲ್ಲಿ ಬಂದ ಕಾನೂನು ಇದನ್ನು ಹುಟ್ಟುಹಾಕಿತು. ಜಿಲ್ಲಾ ಬೋರ್ಡುಗಳ ಕಾಲ ಮುಗಿಯಿತು. ಅವುಗಳ ಜಾಗದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಅಭಿವೃದ್ಧಿ ಪರಿಷತ್ತು ಬಂತು, ಅದರ ಕೆಲಸ ಮೇಲ್ವಿಚಾರಣೆಗೆ ಸೀಮಿತ. ಅಧಿಕಾರವೂ ಹಣವೂ ಇದ್ದದ್ದು ತಾಲ್ಲೂಕು ಬೋರ್ಡಿನಲ್ಲಿ, ಬಿ.ಡಿ.ಓ. (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಅದರ ಆಡಳಿತವನ್ನು ನಡೆಸುತ್ತಿದ್ದರು. ಕಾನೂನಿನಲ್ಲಿ ನಿಯತ ಅವಧಿ ಇದ್ದರೂ ಬೋರ್ಡುಗಳಿಗೆ ಚುನಾವಣೆ ನಡೆದದ್ದು 1960, 1968 ಮತ್ತು 1978ರಲ್ಲಿ, ಮೂರೇ ಸಲ. ಮುಂದೂಡುವ ಚಾಳಿ ಇಂದು ನಿನ್ನೆಯದಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ತಮ್ಮ ತಾಲ್ಲೂಕಿನ ವಿಷಯದಲ್ಲಿ ಒಂದು ವಿಶೇಷವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಶರಾವತಿಯ ನೀರು ನಿಂತಾಗ, ಬೋರ್ಡು ಹುಟ್ಟಿ ನಾಲ್ಕೇ ವರ್ಷವಾಗಿತ್ತು. ಬೋರ್ಡಿನ ವ್ಯಾಪ್ತಿಯ ರಸ್ತೆಗಳು ನೀರಿನಂಚಿಗೆ ಬಂದು ಕಡಿದುಹೋದವು, ಊರುಗಳು ಖಾಲಿಯಾದವು, ಮುಳುಗಡೆಯ ಸಂತ್ರಸ್ತರು ಬೇರೆ ತಾಲ್ಲೂಕುಗಳ ಪಂಚಾಯಿತಿಗಳಿಗೆ ಸೇರಿಕೊಂಡರು. ಹಿನ್ನೀರಿನ ಆಚೆಗೆ ಉಳಿದ ಕರೂರು, ತುಮರಿ ಕಡೆಯವರು ತಾಲ್ಲೂಕು ಕೇಂದ್ರಕ್ಕೆ ಬರಲು ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಾಯಿತು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ, ಬೋರ್ಡು ಹೋಗಿ ಜಿಲ್ಲಾ ಪರಿಷತ್ತು ಬಂದು, ಅದೂ ಹೋಗಿ ಜಿಲ್ಲಾ ಪಂಚಾಯಿತಿ ಬಂದರೂ, ಆ ಲಾಂಚ್ ಮಾತ್ರ ಬದಲಾಗಲಿಲ್ಲ. ಹೊಳೆಯಾಚೆಯ ರಸ್ತೆಯ ತುಂಡನ್ನು ತಮ್ಮ ಹಿರಿಯರು ಬೋರ್ಡಿನ ರಸ್ತೆ ಎನ್ನುತ್ತಿದ್ದರೆ, ಅದು ಮುಳುಗಡೆಗೆ ಹಿಂದಿನದೇ ಎಂದು ಕೇಳಿ ನೋಡಿ. ಹಿಂದಿನದಾದರೆ ಜಿಲ್ಲಾ ಬೋರ್ಡಿನದಾಗಿರುವ ಸಂಭವವೇ ಹೆಚ್ಚು.

ಪ್ರಶ್ನೆ: ಹಳೆಯ ಪತ್ರವೊಂದರಲ್ಲಿ ‘ಕವಲೇದುರ್ಗ ತಾಲ್ಲೂಕು’ ಎಂದಿದೆ. ಇದೂ ಮಂಡಲದಂತೆ ರದ್ದಾದ ಸ್ಥಳೀಯ ಸಂಸ್ಥೆಯೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಅಲ್ಲ. ಅದು ಕಂದಾಯದ ತಾಲ್ಲೂಕು, ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಹಳೆಯ ಹೆಸರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹೆಸರು ಬದಲಾಯಿತು. ನೆರೆಯ ನಗರ ತಾಲ್ಲೂಕಿನದೂ ಇಂಥದೇ ಕತೆ: ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿಯ ಕೈಸೇರಿ ಹೈದರ್‌ನಗರವಾಗಿ, ಮುಂದೆ ನಗರವಾಯಿತು, ಅದೇ ಶತಮಾನದ ಕೊನೆಯಲ್ಲಿ, ಎಂದರೆ 1890ರ ದಶಕದಲ್ಲಿ, ತಾಲ್ಲೂಕು ಕಚೇರಿಯು ಕಲ್ಲೂರುಕಟ್ಟೆಗೆ ಹೋಗಿ ಆ ಊರು ಹೊಸನಗರವೆನಿಸಿತು. ಇವೆಲ್ಲ ಅಮಲ್ದಾರರ, ಎಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳ, ಕಚೇರಿಗಳ ಬದಲಾವಣೆಗಳು, ಚುನಾಯಿತ ಸಂಸ್ಥೆಗಳಿಗೆ ಸಂಬಂಧಪಟ್ಟವಲ್ಲ. ತಮ್ಮ ಪತ್ರ ಜೋಪಾನವಾಗಿರಲಿ.

ಪ್ರಶ್ನೆ: ಮಂಡಲ ಪಂಚಾಯಿತಿಯ ಕಾಲದ ನಡಾವಳಿ, ಕಂದಾಯದ ವಹಿ ಈಗ ಎಲ್ಲಿ ಸಿಗುತ್ತವೆ? ನಮ್ಮದು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ ತಾಲ್ಲೂಕು. ಮಂಡಲದ ರಸೀದಿಯಿಂದ ಮನೆಯ ಹಕ್ಕು ಸಾಬೀತಾಗುತ್ತದೆಯೇ?
— ಈಗ ಭದ್ರಾವತಿಯಲ್ಲಿರುವ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಮನೆ ಕಂದಾಯದ ರಸೀದಿಯು, ಆ ವರ್ಷ ಆ ಹೆಸರಿನಲ್ಲಿ ಅಲ್ಲೊಂದು ಮನೆಗೆ ತೆರಿಗೆ ಹಾಕಿ ವಸೂಲು ಮಾಡಲಾಗಿತ್ತು ಎಂಬುದನ್ನು ಮಾತ್ರ ತೋರಿಸುತ್ತದೆ. ಅದು ಹಕ್ಕುಪತ್ರವಲ್ಲ. ಮಲೆನಾಡಿನಲ್ಲಿ ಸರ್ಕಾರಿ ಜಾಗದಲ್ಲಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಕಟ್ಟಿಕೊಂಡ ಮನೆಗಳಿಗೂ ಪಂಚಾಯಿತಿಗಳು ಕಂದಾಯ ಪಡೆದಿರುವುದರಿಂದ ಈ ವ್ಯತ್ಯಾಸ ಮುಖ್ಯವಾದದ್ದು. ಆದರೂ ಮನೆ ಎಷ್ಟು ಹಳೆಯದು, ಅದರಲ್ಲಿ ಯಾರು ವಾಸವಿದ್ದರು ಎಂದು ತೋರಿಸಬೇಕಾದ ಸಂದರ್ಭಗಳಲ್ಲಿ ಇಂಥ ರಸೀದಿ ಪೂರಕ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

ದಾಖಲೆಗಳ ವಿಷಯ: ಮಂಡಲಗಳ ಆಸ್ತಿ, ಋಣ ಮತ್ತು ಕಡತಗಳು 1993ರ ಕಾನೂನಿನಡಿ ಅವುಗಳ ಸ್ಥಾನಕ್ಕೆ ಬಂದ ಗ್ರಾಮ ಪಂಚಾಯಿತಿಗಳಿಗೆ ಸೇರಿದವು. ಒಂದು ಮಂಡಲ ಎರಡು ಮೂರು ಪಂಚಾಯಿತಿಗಳಾಗಿ ಒಡೆದಿದ್ದರೆ, ಹಳೆಯ ಕಚೇರಿ ಇದ್ದ ಊರಿನಲ್ಲಿಯೇ ವಹಿಗಳು ಉಳಿದಿರುವುದು ಸಾಮಾನ್ಯ. ಆದ್ದರಿಂದ ತಮ್ಮ ಈಗಿನ ಪಂಚಾಯಿತಿಯಲ್ಲಿ ಇಲ್ಲವೆಂಬ ಉತ್ತರ ಬಂದರೆ, ಮಂಡಲ ಕೇಂದ್ರವಾಗಿದ್ದ ಊರಿನ ಪಂಚಾಯಿತಿಯಲ್ಲಿ ವಿಚಾರಿಸಿ. ಬಾಯಿಮಾತಿನಲ್ಲಿ ಕೇಳಿದರೆ ‘ಹುಡುಕಬೇಕು’ ಎಂಬಲ್ಲಿಗೆ ಮಾತು ನಿಲ್ಲುವುದುಂಟು. ಮಾಹಿತಿ ಹಕ್ಕು ಕಾನೂನಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದುದರಿಂದ ‘ಮಂಡಲದ ಎಲ್ಲ ದಾಖಲೆ’ ಎಂದು ಬರೆಯದೆ, ಇಂಥ ಗ್ರಾಮದ ಇಂಥ ವರ್ಷದ ಕಂದಾಯ ನಿರ್ಧರಣಾ ಪಟ್ಟಿ ಅಥವಾ ಇಂಥ ತಿಂಗಳ ಸಭಾ ನಡಾವಳಿ ಎಂದು ಖಚಿತವಾಗಿ ಕೇಳಿ. ಸೋರುವ ಮಾಡಿನ ಕೆಳಗೆ ಮೂವತ್ತು ಮಳೆಗಾಲ ಕಳೆದ ವಹಿಗಳಲ್ಲಿ ಗೆದ್ದಲಿಗೆ ಸಿಕ್ಕದೆ ಉಳಿದವು ಎಷ್ಟೋ, ಅದನ್ನೂ ಎಣಿಕೆಗೆ ತೆಗೆದುಕೊಂಡು ಬೇಗನೆ ಅರ್ಜಿ ಹಾಕುವುದು ಒಳ್ಳೆಯದು.

ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು 1987ರಲ್ಲಿ ಶಿವಮೊಗ್ಗ ಜಿಲ್ಲಾ ಪರಿಷತ್ತಿನ ವ್ಯಾಪ್ತಿಯಲ್ಲಿದ್ದು, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿದವು. ಪಂಚಾಯಿತಿ ಹಂತದ ದಾಖಲೆಗಳ ಮೇಲೆ ಇದರಿಂದ ಪರಿಣಾಮವಿಲ್ಲ. ಅವು ಇದ್ದರೆ ಗ್ರಾಮ ಪಂಚಾಯಿತಿಯಲ್ಲಿಯೇ ಇರುತ್ತವೆ. ಜಿಲ್ಲಾ ಪರಿಷತ್ತು ಮಂಜೂರು ಮಾಡಿದ ಕಾಮಗಾರಿಯ ಕಡತ ಬೇಕಾದರೆ ಮಾತ್ರ ಶಿವಮೊಗ್ಗ ಮತ್ತು ದಾವಣಗೆರೆ ಎರಡೂ ಜಿಲ್ಲಾ ಪಂಚಾಯಿತಿಗಳಿಗೆ ಬೇರೆ ಬೇರೆ ಅರ್ಜಿ ಸಲ್ಲಿಸಿ.